ಭತ್ತದ ಹಸಿರಿಗೆ ಯಾವ ಬೂದು?

ಆಗಸ್ಟ್ ತಿಂಗಳಲ್ಲಿ ಮಂಡ್ಯದ ವಿ.ಸಿ. ಫಾರಂನ ಬದುವಿನ ಮೇಲೆ ನಿಂತರೆ ಕಣ್ಣು ಹಾಯಿಸಿದಷ್ಟೂ ಹಸಿರು. ಆದರೆ ಅದು ಒಂದೇ ಹಸಿರಲ್ಲ. ಒಟ್ಲಿನಲ್ಲಿ ಉಳಿದ ಸಸಿಯದು ಹಳದಿ ಬೆರೆತ ಎಳೆ ಹಸಿರು. ನಾಟಿಯಾಗಿ ತಿಂಗಳಾದ ಪೈರು ಯೂರಿಯಾ ಕುಡಿದು ಕಡು ಹಸಿರಾಗಿರುತ್ತದೆ. ಕಬ್ಬಿನ ಗರಿಯ ಮೇಲೆ ಬಿಳಿಚಿದ ಹೊಳಪಿದೆ, ತೆಂಗಿನದು ಹೆಚ್ಚುಕಡಿಮೆ ಕಪ್ಪು, ನಾಲೆ ಏರಿಯ ಗರಿಕೆಯದು ಮತ್ತೊಂದು. ಇಷ್ಟನ್ನೂ ಕಪ್ಪು-ಬಿಳುಪಿನಲ್ಲಿ ಹಿಡಿಯಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಇದು: ಈ ಐದು ಹಸಿರಿಗೆ ಐದು ಬೇರೆ ಬೇರೆ ಬೂದು ಕೊಡುವ ಫಿಲ್ಮ್ ಯಾವುದು?

ದೊಡ್ಡ ಕ್ಯಾಮೆರಾದವರು ಸೇರಿದ ಕಡೆಯೆಲ್ಲ ಫಿಲ್ಮಿನ ಚರ್ಚೆ ಇದ್ದದ್ದೇ. ಗ್ರೇನ್ ಎಷ್ಟು ಸಣ್ಣದು, ಅಂಚು ಎಷ್ಟು ಚೂಪು ಎಂಬಲ್ಲಿಗೆ ಅದು ಹೋಗಿ ನಿಲ್ಲುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ನೀರಾವರಿ ಬಯಲಿನಲ್ಲಿ ಚಿತ್ರ ತೆಗೆಯುವವರು ಬೇರೆ ಎರಡು ಸಂಗತಿ ಕೇಳಬೇಕು ಎಂಬುದು ನನ್ನ ವಾದ. ಆ ಫಿಲ್ಮು ಹಸಿರನ್ನು ಹೇಗೆ ಕಾಣುತ್ತದೆ? ಗಾಳಿಗೆ ತೂಗುವ ಪೈರನ್ನು ಎಷ್ಟು ಬೇಗ ಹಿಡಿಯುತ್ತದೆ?

ಇದನ್ನು ಪರೀಕ್ಷೆ ಮಾಡಲು ವಿ.ಸಿ. ಫಾರಂಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೊದಲು ಇರ್ವಿನ್ ಹೆಸರಿನಲ್ಲಿದ್ದು ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆ 1930ರ ದಶಕದ ಆರಂಭದಲ್ಲಿ ಕನ್ನಂಬಾಡಿ ಕಟ್ಟೆಯ ನೀರನ್ನು ಈ ಒಣ ಸೀಮೆಗೆ ತಂದಿತು. ಆ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂದು ಕಂಡುಕೊಳ್ಳಲು ಈ ಫಾರಂ ಹುಟ್ಟಿತು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕಾಲವದು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಬಂದಿದ್ದರ ಹಿಂದೆಯೂ ಅವರಿದ್ದಾರೆ. ಅಂದಿನಿಂದ ಇಂದಿನವರೆಗೆ ಇಲ್ಲಿನ ತಾಕುಗಳಲ್ಲಿ ಒಂದರ ಪಕ್ಕ ಒಂದು ಬೇರೆ ಬೇರೆ ತಳಿ ನಿಂತಿವೆ. ಕೆಆರ್‌ಎಚ್-2 ಹೈಬ್ರಿಡ್ ಭತ್ತ ಬಂದದ್ದು ಇಲ್ಲಿಂದ. ವಿಸಿಎಫ್ 0517 ಎಂಬ ಕಬ್ಬಿನ ತಳಿ ಫಾರಂನ ಹೆಸರನ್ನೇ ಹೊತ್ತಿದೆ. ಒಂದು ತಾಕಿಗೂ ಪಕ್ಕದ ತಾಕಿಗೂ ನಡುವೆ ಒಂದು ಮೊಳ ಬದು; ಈ ಕಡೆಯ ಹಸಿರು ಬೇರೆ, ಆ ಕಡೆಯದು ಬೇರೆ. ಪ್ರಯೋಗದ ತಾಕಿಗೆ ಇಳಿಯುವಂತಿಲ್ಲ, ಅನುಮತಿ ಪಡೆದು ಬದುವಿನ ಮೇಲಿಂದಲೇ ತೆಗೆಯಬೇಕು. ಅಷ್ಟು ಸಾಕು.

ಲಾರ್ಜ್ ಫಾರ್ಮ್ಯಾಟ್ ಎಂದರೆ ಹೊಸ ವಸ್ತುವೇನಲ್ಲ. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ಮೂರು ಕಾಲಿನ ಮೇಲೆ ನಿಂತಿರುತ್ತಿದ್ದ, ಫೋಟೊಗ್ರಾಫರು ಕರಿ ಬಟ್ಟೆ ಹೊದ್ದು ಹಿಂದಿನ ಗಾಜಿನಲ್ಲಿ ತಲೆಕೆಳಗಾದ ಚಿತ್ರ ನೋಡುತ್ತಿದ್ದ ಮರದ ಕ್ಯಾಮೆರಾವೇ ಅದು. ಫುಲ್ ಪ್ಲೇಟ್ ಎಂದರೆ ಆರೂವರೆ-ಎಂಟೂವರೆ ಇಂಚು, ಹಾಫ್ ಪ್ಲೇಟ್ ಎಂದರೆ ನಾಲ್ಕೂಮುಕ್ಕಾಲು-ಆರೂವರೆ. ಹಳೆಯ ಸ್ಟುಡಿಯೊದವರು ಈಗಲೂ ಈ ಲೆಕ್ಕದಲ್ಲೇ ಮಾತಾಡುತ್ತಾರೆ. ಭಾರತದ ಎಷ್ಟೋ ಸ್ಟುಡಿಯೊಗಳಿಗೆ ಇಂಥ ಕ್ಯಾಮೆರಾ ಬರುತ್ತಿದ್ದುದು ಕೇರಳದ ಆಲಪ್ಪುಳದಿಂದ. 1940ರ ದಶಕದಲ್ಲಿ ಕೆ. ಕರುಣಾಕರನ್ ಅಲ್ಲಿ ಶುರುಮಾಡಿದ ವಾಗೀಶ್ವರಿ ಕ್ಯಾಮೆರಾ ಹಲವು ದಶಕ ನಮ್ಮ ಜನರ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊಗಳನ್ನು ದಾಖಲಿಸಿತು.

ನಾನು ಬಳಸುವುದು 4×5 ಇಂಚಿನದು. ಇದರಲ್ಲಿ ಫಿಲ್ಮಿನ ಸುರುಳಿ ಇರುವುದಿಲ್ಲ, ಹಾಳೆ ಇರುತ್ತದೆ. ಪೂರ್ತಿ ಕತ್ತಲೆಯಲ್ಲಿ ಒಂದೊಂದು ಹಾಳೆಯನ್ನೂ ಹೋಲ್ಡರಿಗೆ ತೂರಿಸಬೇಕು. ಹಾಳೆಯ ಮೂಲೆಯಲ್ಲಿ ಸಣ್ಣ ಕಚ್ಚುಗಳಿರುತ್ತವೆ; ಅವು ಬಲಗಡೆ ಮೇಲ್ಮೂಲೆಗೆ ಬರುವಂತೆ ಹಿಡಿದರೆ ಬೆಳಕಿಗೆ ಸ್ಪಂದಿಸುವ ಮದ್ದು ಹಚ್ಚಿದ ಮುಖ ನಮ್ಮ ಕಡೆಗಿದೆ ಎಂದರ್ಥ. ಒಂದೊಂದು ಫಿಲ್ಮಿನ ಕಚ್ಚೂ ಒಂದೊಂದು ಬಗೆ. ಬೆರಳಿಗೆ ಅದು ಅಭ್ಯಾಸವಾಗಿಬಿಟ್ಟರೆ ಕತ್ತಲಲ್ಲೇ ಯಾವ ಫಿಲ್ಮ್ ಎಂದು ಹೇಳಬಹುದು.

ಹಾಳೆ ದೊಡ್ಡದಾದ್ದರಿಂದ ಗ್ರೇನಿನ ಚರ್ಚೆ ಇಲ್ಲಿ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. 35 ಎಂಎಂ ನೆಗೆಟಿವಿಗಿಂತ 4×5 ಹಾಳೆ ಹದಿಮೂರು-ಹದಿನಾಲ್ಕು ಪಟ್ಟು ವಿಸ್ತಾರ. 16×20 ಇಂಚಿನ ಪ್ರಿಂಟಿಗೆ ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಸಾಕು. ಅಷ್ಟು ಹಿಗ್ಗಿಸಿದಾಗ 100 ವೇಗದ ಫಿಲ್ಮಿಗೂ 400 ವೇಗದ ಫಿಲ್ಮಿಗೂ ಗ್ರೇನಿನಲ್ಲಿ ವ್ಯತ್ಯಾಸ ಹುಡುಕಲು ಲೂಪ್ ಎಂಬ ಭೂತಗನ್ನಡಿ ಬೇಕು. ಸಣ್ಣ ಕ್ಯಾಮೆರಾದಲ್ಲಿ ವೇಗದ ಫಿಲ್ಮಿಗೆ ತೆರಬೇಕಾದ ಬೆಲೆ ದೊಡ್ಡ ಕ್ಯಾಮೆರಾದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಸಿರು ಕಾಣದ ಕಾಲ

ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಲ್ಲಿ ಚಿತ್ರ ತೆಗೆದರು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ತೆಗೆದರು. ಇಬ್ಬರದೂ ಕಾಗದದ ನೆಗೆಟಿವ್, ಅಗಲದಲ್ಲಿ ಒಂದಡಿಗೂ ದೊಡ್ಡವು. ಕಲ್ಲು ಕಂಬದ ಒಂದೊಂದು ಗೆರೆಯೂ ಅವುಗಳಲ್ಲಿದೆ, ಗಿಡಮರಗಳು ಮಾತ್ರ ಕಪ್ಪು ಗುಂಪುಗಳಾಗಿ ನಿಂತಿವೆ. ಆ ಕಾಲದ ಬೆಳ್ಳಿಯ ಲವಣಕ್ಕೆ ನೀಲಿ ಮತ್ತು ನೇರಳೆ ಬೆಳಕಷ್ಟೇ ತಾಗುತ್ತಿತ್ತು. ಆಕಾಶ ಬೆಳ್ಳಗೆ ಸುಟ್ಟುಹೋಗುತ್ತಿತ್ತು, ಎಲೆ ಕತ್ತಲಾಗುತ್ತಿತ್ತು. ಟ್ರೈಪ್ ತಮ್ಮ ನೆಗೆಟಿವುಗಳ ಮೇಲೆ ಬಣ್ಣ ಸವರಿ ಮೋಡವನ್ನೂ ಎಲೆಗಳ ಬೆಳಕನ್ನೂ ಕೈಯಾರೆ ಮೂಡಿಸುತ್ತಿದ್ದರು ಎಂಬುದು ನನಗೆ ತುಂಬ ಆಪ್ತವಾದ ಸಂಗತಿ. ಕ್ಯಾಮೆರಾ ಕೊಡದ ಹಸಿರನ್ನು ಅವರು ಕುಂಚದಿಂದ ಪಡೆದರು.

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಮದ್ದಿಗೆ ಬಣ್ಣದ ರಾಸಾಯನಿಕ ಸೇರಿಸಿದರೆ ಅದಕ್ಕೆ ಹಸಿರೂ ಕಾಣುತ್ತದೆ ಎಂದು ಕಂಡುಕೊಂಡರು. ಹಸಿರು ಕಂಡು ಕೆಂಪು ಕಾಣದ ಆ ಬಗೆಯೇ ಆರ್ಥೊಕ್ರೊಮ್ಯಾಟಿಕ್. ಇಂಗ್ಲೆಂಡಿನ ರ‍್ಯಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲಿ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಮಾರಲು ಶುರುಮಾಡಿತು. ಇಂದು ನಾವು ಕೊಳ್ಳುವ ಫಿಲ್ಮುಗಳಲ್ಲಿ ಹೆಚ್ಚಿನವು ಈ ವಂಶದವು. ಆದರೂ ಒಂದು ಕೊರತೆ ಉಳಿದಿದೆ. ನಮ್ಮ ಕಣ್ಣು ಅತಿ ಹೆಚ್ಚು ಚುರುಕಾಗಿರುವುದು 555 ನ್ಯಾನೊಮೀಟರಿನ ಹಸಿರಿನಲ್ಲಿ. ಪ್ಯಾನ್ ಫಿಲ್ಮು ನೀಲಿಯನ್ನೂ ಕೆಂಪನ್ನೂ ಕಣ್ಣಿಗಿಂತ ಜಾಸ್ತಿ ಹೀರಿ ಹಸಿರಲ್ಲಿ ಹಿಂದೆ ಬೀಳುತ್ತದೆ. ಅದಕ್ಕೇ ಕಣ್ಣಿಗೆ ಬೆಳಗುವ ಗದ್ದೆ ಪ್ರಿಂಟಿನಲ್ಲಿ ಮಂಕಾಗುವುದು.

ಎಲೆ ಬಣ್ಣದ ಪಟ್ಟಿ

ಭತ್ತದ ರೈತರಿಗೂ ಕೃಷಿ ವಿದ್ಯಾರ್ಥಿಗಳಿಗೂ ಎಲೆ ಬಣ್ಣದ ಪಟ್ಟಿ ಪರಿಚಿತ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಪ್ಲಾಸ್ಟಿಕ್ ಪಟ್ಟಿ ಅದು. ಹಳದಿ ಹಸಿರಿನಿಂದ ಕಡು ಹಸಿರಿನವರೆಗೆ ಸಾಲಾಗಿ ನಾಲ್ಕು ಬಣ್ಣದ ಮನೆಗಳಿರುತ್ತವೆ. ಪೈರಿನ ತುದಿಯಲ್ಲಿ ಪೂರ್ತಿ ಬಿಚ್ಚಿಕೊಂಡ ಎಲೆಯನ್ನು ಕೀಳದೆ ಪಟ್ಟಿಯ ಮೇಲಿಟ್ಟು, ಬಿಸಿಲು ಬೀಳದಂತೆ ಮೈಯನ್ನೇ ಅಡ್ಡ ಮಾಡಿ, ಯಾವ ಮನೆಗೆ ಹೊಂದುತ್ತದೆ ಎಂದು ನೋಡಬೇಕು. ಎಲೆ ತಿಳಿಯಾಗಿದ್ದರೆ ಸಾರಜನಕ ಕಡಿಮೆ, ಯೂರಿಯಾ ಕೊಡಬೇಕು. ಕಡುವಾಗಿದ್ದರೆ ಕೈ ಹಿಡಿಯಬೇಕು.

ಫಿಲ್ಮಿಗೂ ಇದೇ ಪರೀಕ್ಷೆ ಸಾಕು ಎಂದು ನನಗೆ ಹೊಳೆದದ್ದು ಬದುವಿನ ಮೇಲೆ ಕೂತಿದ್ದಾಗ. ಸಾಮಾನ್ಯವಾಗಿ ಬೂದು ಕಾರ್ಡು ಇಟ್ಟು ಪರೀಕ್ಷೆ ಮಾಡುತ್ತಾರೆ. ಅದರಿಂದ ಫಿಲ್ಮಿನ ವೇಗ ತಿಳಿಯುತ್ತದೆಯೇ ಹೊರತು ಹಸಿರಿನ ವಿಚಾರ ತಿಳಿಯುವುದಿಲ್ಲ. ಪಟ್ಟಿಯನ್ನು ಪೈರಿನ ಮಧ್ಯೆ ಒಂದು ಕಡ್ಡಿಗೆ ಕಟ್ಟಿ, ಪಕ್ಕದಲ್ಲಿ ಎರಡು ತಳಿಯ ಎಲೆ ಬರುವಂತೆ ನೋಡಿಕೊಂಡು, ಒಂದೇ ಬೆಳಕಿನಲ್ಲಿ ಬೇರೆ ಬೇರೆ ಫಿಲ್ಮಿನ ಹಾಳೆಗಳನ್ನು ತೆಗೆದೆ. ಫಿಲ್ಟರ್ ಇಲ್ಲದೆ ತೆಗೆದ ಹಾಳೆಗಳಲ್ಲಿ, ಅದು ಇಂಗ್ಲೆಂಡಿನ ಇಲ್ಫರ್ಡ್ ಆಗಲಿ ಚೆಕ್ ದೇಶದ ಫೋಮಾ ಆಗಲಿ, ನಡುವಿನ ಎರಡು ಮನೆಗಳು ಒಂದಾಗಿಬಿಟ್ಟಿದ್ದವು. ಎಲೆಯ ಮೇಲೆ ಬಿದ್ದ ಆಕಾಶದ ನೀಲಿ ಹೊಳಪು ಎಲ್ಲ ವ್ಯತ್ಯಾಸವನ್ನೂ ಮುಚ್ಚಿತ್ತು. 11 ನಂಬರಿನ ಹಳದಿ-ಹಸಿರು ಫಿಲ್ಟರ್ ಹಾಕಿದ ಹಾಳೆಗಳಲ್ಲಿ ನಾಲ್ಕು ಮನೆಗಳೂ ಮೆಟ್ಟಿಲ ಹಾಗೆ ಇಳಿದು ನಿಂತವು. ಎಲೆಯ ನಡುದಿಂಡು ಕೂಡ ಬೇರೆಯಾಗಿ ಕಂಡಿತು. ಕೆಂಪು ಫಿಲ್ಟರ್ ಮೋಡಕ್ಕೆ ಚೆನ್ನ, ಗದ್ದೆಗೆ ಶತ್ರು. ಎಲೆಯ ಪತ್ರಹರಿತ್ತು ಕೆಂಪನ್ನು ನುಂಗುತ್ತದೆ, ಪೈರೆಲ್ಲ ಮಸಿಯಾಗುತ್ತದೆ.

ಅಂದರೆ ಹಸಿರಿನ ಮಟ್ಟಿಗೆ ಪ್ಯಾನ್ ಫಿಲ್ಮಿನ ಬ್ರ್ಯಾಂಡಿಗಿಂತ ಫಿಲ್ಟರೇ ಮುಖ್ಯ. ಆ ಫಿಲ್ಟರಿಗೆ ತೆರಬೇಕಾದ ಬೆಲೆ ನಾಲ್ಕು ಪಟ್ಟು ಬೆಳಕು. ಆ ನಷ್ಟ ತಡೆದುಕೊಳ್ಳುವ ಫಿಲ್ಮ್ ಯಾವುದು ಎಂಬ ಕಡೆಗೆ ಪ್ರಶ್ನೆ ತಿರುಗಿತು.

ಒಂದು ದಿನ ನಾಲೆ ಏರಿಯ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ದನ ಅಟ್ಟಿಕೊಂಡು ಬಂದ ಹಿರಿಯರೊಬ್ಬರು ನಿಂತು ನೋಡಿದರು.

‘ಏನ್ ಸಾ, ನಾಲೆ ಅಳ್ತೆಗ್ ಬಂದಿದ್ದೀರಾ?’

‘ಇಲ್ಲ ಕಣಣ್ಣ, ಗದ್ದೆ ಫೋಟೊ ತೆಗೀತಾ ಇದೀನಿ. ಗಾಳಿ ನಿಲ್ಲಲಿ ಅಂತ ಕಾಯ್ತಾ ಇದೀನಿ.’

‘ಈಗ ಎಲ್ ನಿಂತದು? ಇನ್ ಸಂಜೆಗಂಟ ಬೀಸೋದೆಯ. ಹೊತ್ ಮೂಡೋಕ್ ಮುಂಚೆ ಬರ್ಬೇಕು. ಆಗ ಒಂದ್ ಗರಿನೂ ಅಲ್ಲಾಡಕಿಲ್ಲ.’

ಅವರು ಹೇಳಿದ್ದು ಅಕ್ಷರಶಃ ಸರಿ. ಮುಂಗಾರಿನ ಗಾಳಿ ಹಗಲೇರಿದಂತೆ ಏರುತ್ತದೆ. ಪೈರು ಅಲುಗದೆ ನಿಲ್ಲುವುದು ಬೆಳಗಿನ ಆ ಸ್ವಲ್ಪ ಹೊತ್ತು ಮಾತ್ರ, ಆ ಹೊತ್ತಿನಲ್ಲಿ ಬೆಳಕೂ ಕಡಿಮೆ. ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ ಏಳರ ಬಿಸಿಲು ನಡುಹಗಲಿನ ಸುಮಾರು ಕಾಲು ಭಾಗ. 125 ವೇಗದ ಫಿಲ್ಮಿಗೆ ಎಫ್/16ರಲ್ಲಿ ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕು. ಫಿಲ್ಟರ್ ಹಾಕಿದರೆ ಎಂಟನೇ ಒಂದು. ಹತ್ತಿರದ ತೆನೆಯಿಂದ ದೂರದ ತೆಂಗಿನವರೆಗೆ ಎಲ್ಲ ಸ್ಪಷ್ಟವಾಗಿರಲಿ ಎಂದು ಎಫ್/32ಕ್ಕೆ ಇಳಿಸಿದರೆ ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಭತ್ತದ ಎಲೆ ಇಬ್ಬನಿಯ ಭಾರಕ್ಕೇ ಅಲುಗುತ್ತದೆ. ಅದೇ 400 ವೇಗದ ಫಿಲ್ಮಾದರೆ ಆರನೇ ಒಂದು ಭಾಗ. ಎಷ್ಟೋ ವಾಸಿ.

ಇನ್ನೂ ಒಂದು ಉಪಾಯವಿದೆ, ಅದು ದೊಡ್ಡ ಕ್ಯಾಮೆರಾಕ್ಕೆ ಒದಗಿದ ವರ. ಇದರ ಲೆನ್ಸಿನ ಚೌಕಟ್ಟನ್ನು ಮುಂದಕ್ಕೆ ಬಾಗಿಸಬಹುದು. ಹಾಗೆ ಕೆಲವೇ ಡಿಗ್ರಿ ಬಾಗಿಸಿದರೆ ಫೋಕಸ್ಸಿನ ತಲ ಗೋಡೆಯಂತೆ ಎದ್ದು ನಿಲ್ಲುವುದನ್ನು ಬಿಟ್ಟು ಪೈರಿನ ತುದಿಗಳ ಮೇಲೆ ಮಲಗುತ್ತದೆ. ಆಸ್ಟ್ರಿಯಾದ ಸೇನೆಯಲ್ಲಿದ್ದ ಥಿಯೊಡೋರ್ ಶೈಮ್‌ಫ್ಲುಗ್ 1904ರಲ್ಲಿ ಪೇಟೆಂಟ್ ಪಡೆದ ವಿಧಾನದ ಹಿಂದಿರುವ ತತ್ವ ಇದೇ. ವಿ.ಸಿ. ಫಾರಂನ ಗದ್ದೆ ನೀರು ಕಟ್ಟಲೆಂದು ಮಟ್ಟ ಮಾಡಿದ ನೆಲ. ಫೋಕಸ್ಸಿನ ತಲವನ್ನು ಹಾಸಲು ಇದಕ್ಕಿಂತ ಸಮನಾದ ಜಾಗ ಬೇರೆಲ್ಲೂ ಸಿಗದು. ಗಾಜಿನ ಮೇಲೆ ಲೂಪ್ ಇಟ್ಟು, ಹತ್ತಿರದ ಎಲೆಯನ್ನೂ ದೂರದ ಬದುವನ್ನೂ ಸರದಿಯಲ್ಲಿ ನೋಡುತ್ತ ಲೆನ್ಸನ್ನು ಕೂದಲೆಳೆಯಷ್ಟು ಬಾಗಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಇಡೀ ಗದ್ದೆ ಒಮ್ಮೆಗೇ ಚುರುಕಾಗುತ್ತದೆ. ಆಗ ಎಫ್/16 ಸಾಕು. 400 ವೇಗದ ಫಿಲ್ಮಿಗೆ ಫಿಲ್ಟರ್ ಸಮೇತ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಪೈರು ನಿಂತಂತೆಯೇ. ಚೌಕಟ್ಟಿನಲ್ಲಿ ತೆಂಗಿನ ಮರ ಬಂದರೆ ಅದರ ತಲೆ ಈ ತಲದಿಂದ ಹೊರಗುಳಿಯುತ್ತದೆ, ಆಗ ಮತ್ತೆ ಎಫ್/32.

ಹೀಗಾಗಿ ನನ್ನ ಆಯ್ಕೆ ಇಲ್ಫರ್ಡ್ ಎಚ್‌ಪಿ5 ಪ್ಲಸ್. ಎಚ್‌ಪಿ ಎಂಬ ಹೆಸರು 1930ರ ದಶಕದ ಗಾಜಿನ ಪ್ಲೇಟುಗಳಿಂದ ಬಂದಿದೆ; ಎಚ್‌ಪಿ5 ಬಂದದ್ದು 1976ರಲ್ಲಿ, ಪ್ಲಸ್ 1989ರಲ್ಲಿ. ಇದಕ್ಕಿಂತ ಚೂಪಾದ ಫಿಲ್ಮಿದೆ, ಇದಕ್ಕಿಂತ ಅಗ್ಗದ್ದೂ ಇದೆ. ಇದರ ದೊಡ್ಡ ಗುಣ ಸೈರಣೆ. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ಒಂದೇ ಚೌಕಟ್ಟಿನಲ್ಲಿ ಬಿಳಿ ಪಂಚೆಯೂ ತೆಂಗಿನ ಬುಡದ ನೆರಳೂ ಬರುತ್ತವೆ. ನೆರಳಿಗೆ ತಕ್ಕಂತೆ ಬೆಳಕು ಕೊಟ್ಟರೂ ಎಚ್‌ಪಿ5ರಲ್ಲಿ ಪಂಚೆಯ ನೆರಿಗೆ ಉಳಿಯುತ್ತದೆ.

ಬೇರೆ ಫಿಲ್ಮುಗಳನ್ನು ಕಡೆಗಣಿಸುತ್ತಿಲ್ಲ. ಗಾಳಿಯ ಹಂಗಿಲ್ಲದ ಕಡೆ, ಅಂದರೆ ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ, 1234ರಲ್ಲಿ ಕಟ್ಟಿದ ಹೊಯ್ಸಳರ ಮಲ್ಲಿಕಾರ್ಜುನ ಗುಡಿಯ ಬಳಪದ ಕಲ್ಲಿನ ಮುಂದೆ, ನಾನು ಕೈಗೆತ್ತಿಕೊಳ್ಳುವುದು 125 ವೇಗದ ಎಫ್‌ಪಿ4 ಪ್ಲಸ್. ಕಲ್ಲಿನ ಕುಸುರಿಗೆ ಅದರ ನಡುಬೂದುಗಳು ಹೇಳಿಮಾಡಿಸಿದಂತಿವೆ. ಕೊಡಾಕಿನ ಟ್ರೈ-ಎಕ್ಸ್ 320 ಮನುಷ್ಯರ ಮುಖಕ್ಕೆ ಚೆಂದ, ಬೆಲೆ ನೋಡಿದರೆ ಕೈ ಹಿಂದೆ ಸರಿಯುತ್ತದೆ. ಟಿ-ಮ್ಯಾಕ್ಸ್ 100 ಅತ್ಯಂತ ಶುದ್ಧ ಫಿಲ್ಮು. ಆದರೆ ಡೆವಲಪರಿನ ಬಿಸಿ ಒಂದು ಡಿಗ್ರಿ ಏರಿದರೂ ಲೆಕ್ಕ ತಪ್ಪುವ ಅದರ ಸ್ವಭಾವ ನಮ್ಮ ಬೇಸಿಗೆಗೆ ಒಗ್ಗುವುದಿಲ್ಲ. ಫ್ಯೂಜಿಯ ಏಕ್ರೋಸ್ 100ರ ಹಾಳೆಗಳನ್ನು ಕಂಪನಿ 2018ರಲ್ಲಿ ನಿಲ್ಲಿಸಿತು. ಎರಡು ನಿಮಿಷದವರೆಗಿನ ಎಕ್ಸ್‌ಪೋಷರಿಗೆ ಯಾವ ತಿದ್ದುಪಡಿಯನ್ನೂ ಕೇಳದ ಅಂಥ ಫಿಲ್ಮು ಮತ್ತೆ ಹಾಳೆಯಾಗಿ ಬಂದಿಲ್ಲ ಎಂಬ ನೋವು ನನಗಿದೆ.

ತಿದ್ದುಪಡಿಯ ವಿಚಾರ ಆಲೆಮನೆಗೆ ಹೋದರೆ ಗೊತ್ತಾಗುತ್ತದೆ. ಕೊಪ್ಪರಿಗೆಯ ಆವಿ, ಮಸಿ ಹಿಡಿದ ಚಾವಣಿ, ಒಲೆಯ ಬಾಯಿ, ಬಾಗಿಲಾಚೆಯ ಬಿಸಿಲು. ಮೀಟರ್ ಹತ್ತು ಸೆಕೆಂಡು ಎನ್ನುತ್ತದೆ. ಬೆಳಕು ತೀರ ಕಡಿಮೆಯಾದಾಗ ಫಿಲ್ಮಿನ ಚುರುಕು ಕುಂದುವುದರಿಂದ ಹತ್ತನ್ನು ಹಿಗ್ಗಿಸಬೇಕು. ಎಚ್‌ಪಿ5 ಸುಮಾರು ಇಪ್ಪತ್ತು ಸೆಕೆಂಡು ಕೇಳುತ್ತದೆ, ಟ್ರೈ-ಎಕ್ಸ್ ಐವತ್ತು, ಫೋಮಾಪ್ಯಾನ್ 100 ಬರೋಬ್ಬರಿ ಎಂಬತ್ತು. ಎಂಬತ್ತು ಸೆಕೆಂಡಿನಲ್ಲಿ ಬೆಲ್ಲ ಕಾಯಿಸುವವರ ಗುರುತೇ ಉಳಿಯುವುದಿಲ್ಲ.

ಎಕ್ಸ್-ರೇ ಹಾಳೆಯ ಕಣ್ಣು

ಇಷ್ಟು ಹೇಳಿದ ಮೇಲೂ, ಭತ್ತವನ್ನು ಎಚ್‌ಪಿ5ಗಿಂತ ಚೆನ್ನಾಗಿ ಕಾಣುವ ಒಂದು ಫಿಲ್ಮಿದೆ. ಅದು ಸಿಗುವುದು ಕ್ಯಾಮೆರಾ ಅಂಗಡಿಯಲ್ಲಲ್ಲ, ಆಸ್ಪತ್ರೆ ಸಾಮಾನು ಮಾರುವವರಲ್ಲಿ. ಎಕ್ಸ್-ರೇ ಫಿಲ್ಮು.

ಎದೆಯ ಎಕ್ಸ್-ರೇ ತೆಗೆಯುವಾಗ ಫಿಲ್ಮಿನ ಮೇಲೆ ಚಿತ್ರವನ್ನು ಬಹುಪಾಲು ಮೂಡಿಸುವುದು ನೇರ ಬೀಳುವ ಎಕ್ಸ್-ಕಿರಣವಲ್ಲ. ಕ್ಯಾಸೆಟ್ಟಿನ ಒಳಗೆ, ಫಿಲ್ಮಿನ ಎರಡೂ ಬದಿಗೆ ಒಂದೊಂದು ಪರದೆ ಇರುತ್ತದೆ. ಕಿರಣ ಬಿದ್ದಾಗ ಆ ಪರದೆ ಬೆಳಗುತ್ತದೆ, ಆ ಬೆಳಕಿಗೆ ಫಿಲ್ಮು ಸ್ಪಂದಿಸುತ್ತದೆ. ಗ್ಯಾಡೊಲಿನಿಯಂ ಬಳಸಿದ ಪರದೆ ಮುಖ್ಯವಾಗಿ ಚೆಲ್ಲುವುದು 545 ನ್ಯಾನೊಮೀಟರಿನ ಹಸಿರು ಬೆಳಕನ್ನು. ಆ ಹಸಿರಿಗೆ ಹೊಂದಿಸಿಯೇ ಫಿಲ್ಮಿನ ಮದ್ದನ್ನು ತಯಾರಿಸುತ್ತಾರೆ. ಈಗ ಗದ್ದೆಯ ಕಡೆ ನೋಡಿ. ಭತ್ತದ ಎಲೆ ನೀಲಿಯನ್ನೂ ಕೆಂಪನ್ನೂ ನುಂಗಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅತಿ ಹೆಚ್ಚಾಗಿ ಹಿಂದಕ್ಕೆ ಚೆಲ್ಲುವುದು 550ರ ಆಸುಪಾಸಿನ ಹಸಿರನ್ನು. ಪುಪ್ಪುಸದ ನೆರಳು ಹಿಡಿಯಲು ಮಾಡಿದ ಫಿಲ್ಮಿನ ಕಣ್ಣೂ ಭತ್ತದ ಎಲೆಯ ಹೊಳಪೂ ಒಂದೇ ಜಾಗದಲ್ಲಿ ಬಂದು ಕೂಡುತ್ತವೆ. ಇದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೇಲೊಂದು ಹಳದಿ ಫಿಲ್ಟರ್ ಹಾಕಿ ನೀಲಿಯನ್ನು ಕತ್ತರಿಸಿದರೆ ಎಕ್ಸ್-ರೇ ಹಾಳೆಯ ಮೇಲೆ ಪೈರು ಒಳಗಿನಿಂದಲೇ ಬೆಳಗುವಂತೆ ಬರುತ್ತದೆ. ಎಲೆ ಬಣ್ಣದ ಪಟ್ಟಿಯ ನಾಲ್ಕು ಮನೆಗಳು ಇಷ್ಟು ದೂರ ದೂರ ನಿಂತದ್ದನ್ನು ಬೇರಾವ ಫಿಲ್ಮಿನಲ್ಲೂ ನಾನು ಕಂಡಿಲ್ಲ. ನಾನು ಇದರ ವೇಗವನ್ನು 80 ಎಂದು ಲೆಕ್ಕ ಹಾಕುತ್ತೇನೆ, ಫಿಲ್ಟರ್ ಸೇರಿದರೆ ಇನ್ನೂ ಕಡಿಮೆ. ಹಾಗಾಗಿ ಗಾಳಿ ಪೂರ್ತಿ ನಿಂತ ಗಳಿಗೆಗೆ ಮಾತ್ರ ಇದು. ಕೆಂಪು ಕಾಣದ್ದರಿಂದ ನಮ್ಮ ಕೆಮ್ಮಣ್ಣಿನ ದಾರಿ ಕಪ್ಪಾಗುತ್ತದೆ, ಹಣೆಯ ಕುಂಕುಮ ಕಾಡಿಗೆಯಾಗುತ್ತದೆ, ಬಿಸಿಲುಂಡ ಮುಖ ಇನ್ನಷ್ಟು ಕಂದುತ್ತದೆ. ಜನರ ಚಿತ್ರಕ್ಕೆ ಇದನ್ನು ನಾನು ಮುಟ್ಟುವುದಿಲ್ಲ.

ಕತ್ತರಿಸುವ ಕೆಲಸ ಕೆಂಪು ದೀಪದಡಿ. ಎಂಟು-ಹತ್ತು ಇಂಚಿನ ಹಾಳೆಯನ್ನು ನಾಲ್ಕು ಮಾಡಿದರೆ ಸರಿಹೋಗುತ್ತದೆ ಎಂದು ಅನ್ನಿಸುತ್ತದೆ. ಆದರೆ ಹೋಲ್ಡರಿಗೆ ಬೇಕಾದ ಹಾಳೆ 4×5 ಇಂಚಿಗಿಂತ ಒಂದೆರಡು ಮಿಲಿಮೀಟರ್ ಚಿಕ್ಕದು, ಎರಡು ಅಂಚು ಸವರಲೇಬೇಕು. ಎರಡೂ ಬದಿಗೆ ಮದ್ದಿರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಟ್ರೇಯ ತಳದ ಗೆರೆಗಳೂ ಗೀಚುತ್ತವೆ, ಅದಕ್ಕೆ ತಳದಲ್ಲಿ ನಯವಾದ ಗಾಜಿನ ತುಂಡು ಹಾಸಿ, ಒಂದು ಸಲಕ್ಕೆ ಒಂದೇ ಹಾಳೆ ತೇಲಿಸಿ ಡೆವಲಪ್ ಮಾಡುತ್ತೇನೆ. ಕೆಂಪು ದೀಪದಲ್ಲಿ ಚಿತ್ರ ಏಳುವುದನ್ನು ಕಣ್ಣಾರೆ ನೋಡಬಹುದು. ತೆನೆಯ ಸಾಲು ಮೊದಲು ಕಪ್ಪಾಗಿ ಮೂಡುತ್ತದೆ, ಆಮೇಲೆ ಎಲೆ, ಕೊನೆಗೆ ನೀರು. ಸಾಕು ಅನ್ನಿಸಿದ ಕಡೆ ಎತ್ತಿ ಹೈಪೋಗೆ ಹಾಕಬಹುದು. ಎಚ್‌ಪಿ5ಗೆ ಈ ಭಾಗ್ಯವಿಲ್ಲ, ಅದಕ್ಕೆ ಕಗ್ಗತ್ತಲು ಮತ್ತು ಗಡಿಯಾರವೇ ಗತಿ.

ಎಕ್ಸ್-ರೇ ಫಿಲ್ಮಿನ ಮಾತು ಬಂದಾಗ ಊಟಿ ನೆನಪಾಗದೆ ಇರದು. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಂಪನಿ 1967ರಲ್ಲಿ ಫ್ರೆಂಚ್ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಉತ್ಪಾದನೆ ಶುರುಮಾಡಿತು. ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ರೋಲು, ಪ್ರಿಂಟಿನ ಕಾಗದ, ಎಕ್ಸ್-ರೇ ಹಾಳೆ ದೇಶಕ್ಕೆಲ್ಲ ಅಲ್ಲಿಂದ ಹೋದವು. ಹಳೆಯ ಸ್ಟುಡಿಯೊದವರು ‘ಇಂದು’ ಕಾಗದದ ಡಬ್ಬಿಗಳನ್ನು ಈಗಲೂ ನೆಗೆಟಿವ್ ಇಡಲು ಬಳಸುವುದನ್ನು ಕಂಡಿದ್ದೇನೆ. ಬಣ್ಣದ ಫಿಲ್ಮು, ಆಮೇಲೆ ಡಿಜಿಟಲ್, ಇವುಗಳ ನಡುವೆ ಕಾರ್ಖಾನೆ ನಷ್ಟಕ್ಕೆ ಬಿದ್ದು ಮುಚ್ಚಿಹೋಯಿತು. ಬೆಟ್ಟದ ಕಾರ್ಖಾನೆಯಲ್ಲಿ ಬೆಳ್ಳಿಯ ಮದ್ದನ್ನು ಕತ್ತಲಲ್ಲಿ ಫಿಲ್ಮಿಗೆ ಹಚ್ಚುವ ವಿದ್ಯೆ ಕಲಿತ ಒಂದು ಪೀಳಿಗೆಯೇ ಇತ್ತು. ಆ ವಿದ್ಯೆಯನ್ನು ಸಣ್ಣ ಪ್ರಮಾಣದಲ್ಲಾದರೂ ಉಳಿಸಿಕೊಳ್ಳಬೇಕಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಚೆಕ್ ದೇಶದಂಥ ಚಿಕ್ಕ ದೇಶದಲ್ಲಿ 1921ರಲ್ಲಿ ಹುಟ್ಟಿದ ಫೋಮಾ ಇಂದಿಗೂ ಹಾಳೆ ಫಿಲ್ಮು ಮಾಡುತ್ತಿದೆ. ಇಷ್ಟು ದೊಡ್ಡ ನಮ್ಮ ದೇಶದ ಛಾಯಾಗ್ರಾಹಕರು ಒಂದೊಂದು ಹಾಳೆಯನ್ನೂ ಸಮುದ್ರದಾಚೆಯಿಂದ ತರಿಸಬೇಕಾಗಿದೆ.

ರಾಗಿಯ ತೆನೆ ಹತ್ತಿರದಿಂದ

ಭತ್ತ, ಕಬ್ಬಿನ ಭರದಲ್ಲಿ ವಿ.ಸಿ. ಫಾರಂನ ರಾಗಿಯನ್ನು ಮರೆಯಬಾರದು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯೇ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂ ಎಷ್ಟು ಸಣ್ಣದೆಂದರೆ ಅದರಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿಸುವುದೇ ತಪಸ್ಸು. ತಳಿಯ ಗುರುತು ಇರುವುದು ತೆನೆಯ ಆಕಾರದಲ್ಲಿ: ಒಂದರ ಬೆರಳುಗಳು ಬಿಚ್ಚಿಕೊಂಡಿರುತ್ತವೆ, ಮತ್ತೊಂದರವು ಒಳಕ್ಕೆ ಬಾಗಿರುತ್ತವೆ, ಇನ್ನೊಂದು ಬಿಗಿ ಮುಷ್ಟಿ. ಬಣ್ಣವನ್ನು ತೆಗೆದುಬಿಟ್ಟರೆ ಈ ಆಕಾರವೊಂದೇ ಕಣ್ಣ ಮುಂದೆ ನಿಲ್ಲುತ್ತದೆ. ಕಪ್ಪು-ಬಿಳುಪಿಗೆ ಇದಕ್ಕಿಂತ ತಕ್ಕ ವಸ್ತು ಇಲ್ಲ.

ತೆನೆಯನ್ನು ಅದರ ನಿಜ ಗಾತ್ರದಲ್ಲೇ ಹಾಳೆಯ ಮೇಲೆ ಮೂಡಿಸಬೇಕಾದರೆ 150 ಎಂಎಂ ಲೆನ್ಸಿಗೆ ಕ್ಯಾಮೆರಾದ ತಿದಿಯನ್ನು 300 ಎಂಎಂವರೆಗೆ ಎಳೆಯಬೇಕು. ಬೆಳಕು ಅಷ್ಟು ದೂರ ಸಾಗಿ ಬರುವಷ್ಟರಲ್ಲಿ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಎಫ್/22 ಎಂದು ಲೆನ್ಸಿನ ಮೇಲೆ ಬರೆದಿದ್ದರೂ ಫಿಲ್ಮಿಗೆ ಮುಟ್ಟುವುದು ಎಫ್/45ರಷ್ಟೇ. ಮತ್ತೆ ಎಚ್‌ಪಿ5 ಕೈ ಹಿಡಿಯುತ್ತದೆ. ತೆನೆಯ ಹಿಂದೆ ಕಪ್ಪು ಬಟ್ಟೆ ಕಟ್ಟಿ, ಸೂರ್ಯ ಪಕ್ಕದಿಂದ ಸವರುವ ಹೊತ್ತಿಗೆ ತೆಗೆದ ಹಾಳೆಯಲ್ಲಿ ಒಂದೊಂದು ಕಾಳಿನ ಮೇಲಿನ ಸಿಪ್ಪೆಯೂ ಲೂಪಿನಡಿ ಎದ್ದು ಕಾಣುತ್ತದೆ.

ಕೊನೆಗೆ ನೀರಿನ ವಿಚಾರ, ಫಿಲ್ಮನ್ನು ಆರಿಸುವಾಗ ನಮ್ಮ ಕಡೆಯವರು ಇದನ್ನೂ ತೂಗಲೇಬೇಕು. ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ಮಂಡ್ಯದ ಏಪ್ರಿಲಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಮೈಗೆ ಹಿತವಾದ ಬೆಚ್ಚನೆಯ ನೀರು. ಐಡಿ-11 ಡೆವಲಪರಿನ ಒಂದು ಪಾಲಿಗೆ ಒಂದು ಪಾಲು ನೀರು ಬೆರೆಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 13 ನಿಮಿಷ ಹಿಡಿಯುತ್ತದೆ. ಈ ದೀರ್ಘ ಸಮಯ ನಮಗೆ ಅನುಕೂಲ: 24 ಡಿಗ್ರಿಗೆ ಸಮಯ ಇಳಿಸಿದರೂ ಕೈಗೆ ಸಿಗುವಷ್ಟು ನಿಮಿಷಗಳು ಉಳಿಯುತ್ತವೆ. ಹಿಂದಿನ ರಾತ್ರಿ ಮಣ್ಣಿನ ಗಡಿಗೆಯಲ್ಲಿ ತುಂಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಸಾಕಷ್ಟು ತಣ್ಣಗಾಗಿರುತ್ತದೆ, ಉಳಿದದ್ದಕ್ಕೆ ನಾಲ್ಕು ಐಸ್ ತುಂಡು. ಬೋರ್‌ವೆಲ್ ನೀರಿನ ಸುಣ್ಣ ನೆಗೆಟಿವ್ ಮೇಲೆ ಬಿಳಿ ಕಲೆ ಬಿಡುವುದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ.

ಹೊಸದಾಗಿ ದೊಡ್ಡ ಕ್ಯಾಮೆರಾ ಹಿಡಿದು ಈ ಬಯಲಿಗೆ ಬರುವವರು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಎಚ್‌ಪಿ5ರ ಒಂದು ಡಬ್ಬಿ, 11 ನಂಬರಿನ ಫಿಲ್ಟರ್ ಒಂದು, ಜತೆಗೆ ಅಭ್ಯಾಸಕ್ಕೂ ನಿಶ್ಚಲ ಬೆಳಗುಗಳಿಗೂ ಎಂಟು-ಹತ್ತು ಇಂಚಿನ ಎಕ್ಸ್-ರೇ ಹಾಳೆ. ನಾಟಿಯಿಂದ ಕುಯ್ಲಿನವರೆಗೆ, ಜುಲೈನಿಂದ ಡಿಸೆಂಬರ್‌ವರೆಗೆ, ಈ ಎರಡು ಫಿಲ್ಮುಗಳನ್ನೇ ಬಳಸಿ. ಎಕ್ಸ್-ರೇ ಹಾಳೆ ಕೊಳ್ಳುವಾಗ ಡಬ್ಬಿಯ ಮೇಲೆ ಗ್ರೀನ್ ಸೆನ್ಸಿಟಿವ್ ಎಂದು ಇದೆಯೇ ನೋಡಿಕೊಳ್ಳಿ. ನೀಲಿ ಬೆಳಕಿಗೆ ಮಾಡಿದ್ದೂ ಅದೇ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ತೆಗೆದರೆ ಗದ್ದೆ ಗ್ರೀನ್‌ಲಾ ಕಾಲದ ಹಾಗೆ ಕಪ್ಪಾಗಿ ಬರುತ್ತದೆ.